ಅರ್ಧ ಸುತ್ತು

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಮೀಸೆಯ (ದಪ್ಪ ಮೀಸೆಯಿಂದಾಗಿ ಕೆಲಸದಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ) ಹೆಂಡತಿ ಬಾಡಿಗೆ ಗಾಡಿಯಲ್ಲಿ ಮೂರು ಪೆಟ್ಟಿಗೆ ಹೇರಿಕೊಂಡು ಬಂದಳು. ಬಾಗಿಲು ತೆರೆದ ನಾನು ಅವಳನ್ನು ಕಂಡು ಒಳಗೆ ಕರೆಯುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತೆ. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಜಗಳಕ್ಕೇ ಬಂದಿದ್ದರೆ ಚೆನ್ನಾಗಿತ್ತು.

"ಅಣ್ಣಾ, ಇದನ್ನ ನಿಮಗೆ ಕೊಡು ಅಂದ್ರು," ಎಂದಳು. "ಅವರ ಕೈಲಿ ಚಮಚಾನೇ ಹಿಡಿಯೋಕಾಗಲ್ಲ, ಇನ್ನು ಸ್ಕ್ರೂಡ್ರೈವರ್ ಎಲ್ಲಿ ಹಿಡೀತಾರೆ. ಮೇಸ್ತ್ರಿ ಈಗ ಮನೇಲೇ ಇದಾರಲ್ಲ, ಅವರು ಜೋಡಿಸ್ಲಿ, ಓಡೋದನ್ನ ನಾನು ನೋಡ್ತೀನಿ ಅಂದ್ರು."

ಪೆಟ್ಟಿಗೆಗಳನ್ನು ನೋಡಿದ ಕೂಡಲೇ ಗುರುತು ಹತ್ತಿತು. ಹಳೇ ಕಾಲದಲ್ಲಿ ಹೊಲ ಉಳಲು, ಭಾರ ಎಳೆಯಲು ಬಳಸುತ್ತಿದ್ದ ಉಗಿ ಎಂಜಿನ್ನಿನ ಪುಟ್ಟ ಮಾದರಿ. ಆಟದ ಸಾಮಾನಲ್ಲ; ನಿಜವಾದ ಬೆಂಕಿ, ನೀರು, ಹಬೆಯಲ್ಲಿ ಓಡುವಂಥದ್ದು. ಬಿಡಿಭಾಗಗಳಾಗಿ ಬರುತ್ತದೆ, ನಾವೇ ಜೋಡಿಸಬೇಕು. ಮೀಸೆ ಅದನ್ನು ತರಿಸಿ ನಾಲ್ಕು ವರ್ಷವಾಯಿತು. ನಿವೃತ್ತಿಯ ಮಾರನೇ ದಿನ ಶುರು ಮಾಡುತ್ತೇನೆಂದು ಮಂಚದ ಕೆಳಗೆ ಇಟ್ಟುಕೊಂಡು, ಅದರ ವಿಷಯ ಹೇಳಿ ಹೇಳಿ ನಮ್ಮೆಲ್ಲರ ತಲೆ ತಿನ್ನುತ್ತಿದ್ದ.

ನಾವು ಕೆಲಸ ಮಾಡುವುದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ನಾನು ಬಾಯ್ಲರ್ ಮನೆಯ ಮೇಸ್ತ್ರಿ, ಅವನು ನನ್ನ ಕೈಕೆಳಗಿನ ಆಪರೇಟರ್. ಫೆಬ್ರವರಿ ಹನ್ನೊಂದರಂದು ಉರಿ ನಿಲ್ಲಿಸಬೇಕಿದ್ದ ಸ್ವಿಚ್ಚು ಕೆಟ್ಟು ಬಾಯ್ಲರಿನ ಒತ್ತಡ ಮಿತಿ ಮೀರಿತು. ಅಂಥ ಹೊತ್ತಿನಲ್ಲಿ ತಾನಾಗಿ ತೆರೆದುಕೊಂಡು ಹಬೆ ಹೊರಬಿಡಲೆಂದೇ ಸೇಫ್ಟಿ ವಾಲ್ವು ಇರುವುದು. ಅದು ತೆರೆಯಲಿಲ್ಲ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಸಿಡಿದು, ಅದನ್ನು ಒರೆಸುತ್ತಿದ್ದ ಮೀಸೆಯ ಮೇಲೆ ಹಬೆ ಹೊಡೆಯಿತು. ಎರಡೂ ಕೈ, ಕುತ್ತಿಗೆ, ಮುಖದ ಎಡಭಾಗ. ವಾಲ್ವಿನ ನಟ್ಟು ಅರ್ಧ ಸುತ್ತು ಹೆಚ್ಚಿಗೆ ಬಿಗಿಯಾಗಿತ್ತಂತೆ. ವಿಚಾರಣೆ ಮುಗಿಯುವವರೆಗೆ ನನಗೆ ರಜೆ.

ಬಿಗಿಯಾಗಿತ್ತಂತೆ ಎಂದು ಬರೆದಿದ್ದೇನೆ. ಇರಲಿ. ಬೇಡವೆನ್ನದೆ ಪೆಟ್ಟಿಗೆಗಳನ್ನು ಒಳಗೆ ಇಳಿಸಿಕೊಂಡೆ.

ಮಾರ್ಚ್ 5, ಬುಧವಾರ

ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಊಟದ ಮೇಜಿನ ನಡುವೆ ಗೆರೆ ಎಳೆದಳು. "ಈ ಕಡೆ ನಿನ್ನ ಎಂಜಿನ್ನು, ಆ ಕಡೆ ನನ್ನ ಹೊಲಿಗೆ. ಗೆರೆ ದಾಟಿ ಒಂದು ಬೋಲ್ಟು ಬಂದ್ರೂ ಗುಂಡಿ ಅಂತ ಯಾರದೋ ಅಂಗಿಗೆ ಹೊಲಿದುಬಿಡ್ತೀನಿ."

ಅವಳು ಗಂಡನನ್ನು ಕಳೆದುಕೊಂಡು, ನಾನು ಮದುವೆಯ ಗೋಜಿಗೇ ಹೋಗದೆ, ಹನ್ನೆರಡು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ. ಅವಳ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಆ ಮೇಜೇ ಅವಳ ದರ್ಜಿ ಅಂಗಡಿ.

ಭಾಗಗಳನ್ನೆಲ್ಲ ಹಳೇ ಚಾದರದ ಮೇಲೆ ಹರಡಿದೆ. ತಾಮ್ರದ ಬಾಯ್ಲರ್ ನನ್ನ ಮುಂಗೈಯಷ್ಟು ಉದ್ದ. ಹಿಂದಿನ ಎರಡು ದೊಡ್ಡ ಚಕ್ರ, ಮುಂದಿನ ಎರಡು ಚಿಕ್ಕವು, ಒಂದು ಹೊಗೆಕೊಳವೆ, ಓಟವನ್ನು ಸಮವಾಗಿಡುವ ತಟ್ಟೆಯಗಲದ ಭಾರದ ಚಕ್ರ, ಅಂದರೆ ಫ್ಲೈವೀಲು. ಕೈಪಿಡಿ ಬರೆದವನಿಗೆ ಮೂರು ಕೈ ಇದ್ದಿರಬೇಕು. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಅಚ್ಚು ಹಿಡಿದುಕೊಂಡು ಪಿನ್ನನ್ನು ಮೆಲ್ಲಗೆ ತಟ್ಟಿ ಎನ್ನುತ್ತಾನೆ. ಪೊಟ್ಟಣಗಳ ಮೇಲೆಲ್ಲ ಮೀಸೆ ತನ್ನ ದುಂಡನೆಯ ಅಕ್ಷರದಲ್ಲಿ ಹೆಸರು ಬರೆದಿಟ್ಟಿದ್ದಾನೆ. ನಾಲ್ಕು ವರ್ಷ ತೆರೆದು ನೋಡಿ, ಮತ್ತೆ ಮುಚ್ಚಿಟ್ಟಿದ್ದಾನೆ. ಆ ಅಕ್ಷರ ನೋಡಲಾಗದೆ ಪೊಟ್ಟಣಗಳನ್ನು ಮಗುಚಿ ಇಟ್ಟೆ.

ಮಧ್ಯಾಹ್ನ ಮ್ಯಾನೇಜರ ಫೋನು ಬಂತು. "ಇಪ್ಪತ್ತೆಂಟಕ್ಕೆ ನಿಮ್ಮ ಹೇಳಿಕೆ ಕೊಡ್ಬೇಕು ಮೇಸ್ತ್ರಿ. ವಾಲ್ವು ಯಾರು ಮುಟ್ಟಿದ್ರು ಅಂತ. ಬಾಯ್ಲರ್ ಮನೆ ಬೋರ್ಡಲ್ಲಂತೂ ಯಾರೂ ಏನೂ ಬರೆದಿಲ್ಲ. ಅವತ್ತು ಅಲ್ಲಿದ್ದವನು ಮೀಸೆ ಒಬ್ಬನೇ. ಇಷ್ಟು ಬರೆದುಕೊಟ್ರೆ ಸಾಕು, ಮುಗೀತು."

"ಸರಿ ಸರ್," ಎಂದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಆ ಮನುಷ್ಯನ ಜೊತೆ ಬೇರೆ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಮುಂದಿನ ಚಕ್ರಗಳು ಕೂತವು. ಚೆನ್ನಾಗಿ ತಿರುಗುತ್ತವೆ.

ಇವತ್ತು ಬರೆದೇ ಬಿಡುತ್ತೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಅಕ್ಕ ಹಾಲಿನವನ ಲೆಕ್ಕದ ಚೀಟಿಯನ್ನೂ ನನ್ನಿಂದ ಬರೆಸುವುದಿಲ್ಲ.

ಫೆಬ್ರವರಿ ಒಂಬತ್ತು. ಬಟ್ಟೆ ಬೆಟ್ಟದಷ್ಟು ಬಿದ್ದಿತ್ತು. ಸೇಫ್ಟಿ ವಾಲ್ವು ಬೆಳಗಿನಿಂದ ಸಣ್ಣಗೆ ಸೋರುತ್ತಿತ್ತು. ಹಬೆ ಸಾಲುತ್ತಿಲ್ಲ ಎಂದು ಇಸ್ತ್ರಿ ವಿಭಾಗದವರು ಕೂಗಾಡುತ್ತಿದ್ದರು. ಮೀಸೆ ಊಟಕ್ಕೆ ಹೋಗಿದ್ದ. ನಾನು ಏಣಿ ಹತ್ತಿ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಸೋರುವುದು ನಿಂತಿತು. ಸಂಜೆ ಸಡಿಲಿಸೋಣ ಎಂದುಕೊಂಡೆ, ಮರೆತೆ, ಮಾರನೇ ದಿನವೂ ಮರೆತೆ.

ಬರೆದು ನೋಡಿದರೆ ಎಂಟು ಸಾಲು ಕೂಡ ಇಲ್ಲ.

ಇನ್ನೂ ಇದೆ. ಬಾಯ್ಲರ್ ಮನೆಯ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ವಾಲ್ವು ಮುಟ್ಟಿದವನು ತಾರೀಖು, ಹೊತ್ತು, ಎಷ್ಟು ತಿರುಗಿಸಿದ್ದು ಎಂಬುದನ್ನು ಅದರ ಮೇಲೆ ಬರೆದು ಕೆಳಗೆ ತನ್ನ ಗುರುತು ಹಾಕಬೇಕು. ಬೇರೆಯವರು ಬರೆಯುವಂತಿಲ್ಲ, ಮುಟ್ಟಿದವನೇ ಬರೆಯಬೇಕು. ಈ ನಿಯಮ ಮಾಡಿದ್ದು ನಾನೇ. ಹಿಂದೊಮ್ಮೆ ಮೀಸೆ ಬರೆಯಲು ಮರೆತಾಗ ಎಲ್ಲರ ಎದುರು ಅವನ ನೀರಿಳಿಸಿದ್ದೆ. ಒಂಬತ್ತರಂದು ಸೀಮೆಸುಣ್ಣ ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. ಬಿಗಿ ಮಾಡಬಾರದು ಎಂದು ದಿನಾ ಪಾಠ ಹೇಳುವ ಮೇಸ್ತ್ರಿಯೇ ಬಿಗಿ ಮಾಡಿದ ಎಂದು ಕೈಕೆಳಗಿನವರು ಆಡಿಕೊಳ್ಳುತ್ತಾರಲ್ಲ ಎಂದು.

ವಾಲ್ವು ಬಿಗಿ ಮಾಡಿದ್ದಕ್ಕಿಂತ ಆ ಸೀಮೆಸುಣ್ಣ ವಾಪಸ್ ಇಟ್ಟಿದ್ದಕ್ಕೆ ನನಗೆ ಹೆಚ್ಚು ನಾಚಿಕೆ. ಮೊದಲನೆಯದು ಆತುರ. ಎರಡನೆಯದು ನಾನು.

ಮಾರ್ಚ್ 11, ಮಂಗಳವಾರ

ಏನೂ ಮಾಡಲಿಲ್ಲ. ಎಂಜಿನ್ನಿನ ಮೇಲೆ ಬಟ್ಟೆ ಹೊದಿಸಿಟ್ಟೆ. ಇವತ್ತಿಗೆ ಒಂದು ತಿಂಗಳು.

ಮಾರ್ಚ್ 14, ಶುಕ್ರವಾರ

ಮೀಸೆಯನ್ನು ನೋಡಿಕೊಂಡು ಬಂದೆ. ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಹೋಗಿದ್ದೆ, ಎರಡೂ ಸಲ ಅವನು ನಿದ್ದೆಯಲ್ಲಿದ್ದ. ಅವನು ನಿದ್ದೆ ಮಾಡುವ ಹೊತ್ತು ವಿಚಾರಿಸಿಕೊಂಡೇ ಹೋಗಿದ್ದೆ. ಅವನು ಮನೆಗೆ ಬಂದ ಮೇಲೆ ಇದೇ ಮೊದಲು. ಗೇರಿನ ಚಕ್ರವೊಂದರ ಯಾವ ಮುಖ ಹೊರಗೆ ಬರಬೇಕು ಎಂದು ಕೇಳುವ ನೆಪ ಮಾಡಿಕೊಂಡಿದ್ದೆ.

ಮೀಸೆಗೆ ಮೀಸೆ ಇಲ್ಲ. ಮೂಗಿನ ಕೆಳಗೆ ಹೊಸ ಚರ್ಮ, ಗುಲಾಬಿ ಬಣ್ಣಕ್ಕೆ, ಹೊಳೆಯುತ್ತದೆ.

"ಏನ್ ಮೇಸ್ತ್ರಿ, ಗುರುತು ಸಿಗ್ಲಿಲ್ವಾ? ನನಗೂ ಸಿಗ್ಲಿಲ್ಲ. ಕನ್ನಡಿ ನೋಡ್ಕೊಂಡು ಯಾರಪ್ಪ ಈ ಗುಮಾಸ್ತ ಅಂದ್ಕೊಂಡೆ."

ನಗಬೇಕಿತ್ತು, ನಕ್ಕೆ. ಅವನು ಎಂಜಿನ್ನಿನ ಬಗ್ಗೆ ಒಂದೊಂದಾಗಿ ಕೇಳುತ್ತಾ ಹೋದ. ಅಚ್ಚು ನೇರ ಕೂತಿತಾ, ಫ್ಲೈವೀಲು ಅಲ್ಲಾಡುತ್ತಾ, ಸೇಫ್ಟಿ ವಾಲ್ವು ಯಾವಾಗ ಕೂರಿಸ್ತೀರಿ. ಕೊನೆಯದನ್ನು ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ ಅನ್ನಿಸಿತು. ಕಳ್ಳನ ಮನಸ್ಸಿಗೆ ಹಾಗೆ ಅನ್ನಿಸುವುದು ಸಹಜ.

ಕೈಗಳು ತೊಡೆಯ ಮೇಲಿದ್ದವು, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ. ಬೆರಳು ಮಡಚುವುದಿಲ್ಲ. ಹೆಂಡತಿ ಲೋಟ ಹಿಡಿದು ಚಹಾ ಕುಡಿಸಿದಳು. ನಾನು ನನ್ನ ಲೋಟವನ್ನು ನಾನೇ ಎತ್ತಿ ಕುಡಿಯಬೇಕಲ್ಲ, ಮುಟ್ಟದೆ ಹಾಗೇ ಬಿಟ್ಟು ಎದ್ದೆ.

ಗೇಟಿನವರೆಗೆ ಬಂದ ಅವಳು ದನಿ ತಗ್ಗಿಸಿದಳು. "ಅಣ್ಣಾ, ಬೆರಳು ಮಡಚೋಕೆ ಇನ್ನೂ ಎರಡು ಆಪರೇಷನ್ ಆಗ್ಬೇಕಂತೆ. ಅವರದೇ ತಪ್ಪು ಅಂತಾದ್ರೆ ಕಂಪನಿಯವರು ಮಾಡ್ಸಲ್ವಂತೆ. ಲೈಸೆನ್ಸೂ ಹೋಗುತ್ತಂತೆ. ಇವರನ್ನ ಕೇಳಿದ್ರೆ, ಮೇಸ್ತ್ರಿ ಇದಾರಲ್ಲ, ಅವರು ಹೇಳ್ತಾರೆ ಬಿಡು ಅಂತಾರೆ. ನೀವು ಹೇಳ್ತೀರಲ್ವಾ?"

"ಹೇಳ್ತೀನಮ್ಮ," ಎಂದೆ. ಏನು ಹೇಳುತ್ತೇನೆ ಎಂದು ಅವಳು ಕೇಳಲಿಲ್ಲ.

ಬಸ್ಸು ಹತ್ತದೆ ನಡೆದೇ ಮನೆಗೆ ಬಂದೆ. ಯಾರ ಪಕ್ಕದಲ್ಲೂ ಕೂರುವ ಮುಖ ನನಗಿರಲಿಲ್ಲ.

ಮಾರ್ಚ್ 18, ಮಂಗಳವಾರ

ಸಿಲಿಂಡರಿನ ಮುಚ್ಚಳಕ್ಕೆ ಆರು ಬೋಲ್ಟು. ಐದನೆಯದು ನನ್ನ ಕೈಯಲ್ಲಿ ತುಂಡಾಯಿತು. ಬೆಂಕಿಕಡ್ಡಿಯಷ್ಟೂ ದಪ್ಪವಿಲ್ಲದ ಬೋಲ್ಟು. ಎರಡು ಬೆರಳಿನ ಬಲ ಸಾಕು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದೆ. ಬಿಗಿಯಾಯಿತು ಎಂದು ಗೊತ್ತಾದ ಮೇಲೂ ಇನ್ನೊಂದು ಚೂರು ತಿರುಗಿಸಿದೆ.

ಟಕ್ ಎಂದದ್ದು ಅಕ್ಕನಿಗೂ ಕೇಳಿತು. "ಇನ್ನೊಂದು ಸುತ್ತು ತಿರುಗಿಸಿದೆ ತಾನೆ? ನೀನು ಮುಚ್ಚಿದ ಸಕ್ಕರೆ ಡಬ್ಬೀನ ನಾನು ಒಂದು ದಿನ ಆದ್ರೂ ತೆಗೆದಿದೀನಾ? ಪಕ್ಕದ ಮನೆಯವರನ್ನ ಕರೀಬೇಕು. ನಲ್ಲಿ ಮುಚ್ಚಿದ್ರೆ ವಾಷರ್ ಸಾಯುತ್ತೆ. ತಾನಾಗಿ ನಿಲ್ಲುತ್ತೆ ಅಂತ ನೀನು ಯಾವುದನ್ನೂ ನಂಬಲ್ಲ ಕಣೋ."

"ನಿನ್ನ ಕೆಲಸ ನೀನು ನೋಡ್ಕೋ," ಎಂದು ರೇಗಿದೆ. ಅವಳಿಗೆ ವಿಷಯ ಗೊತ್ತಿಲ್ಲ. ಗೊತ್ತಿಲ್ಲದೆ ಆಡಿದ ಮಾತು ಹೀಗೆ ನಾಟುತ್ತದೆ. ಅವಳು ಹೊಲಿಗೆ ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿಯತೊಡಗಿದಳು.

ಮುರಿದು ಒಳಗೇ ಉಳಿದ ತುಣುಕನ್ನು ಕೊರೆದು ತೆಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅಕ್ಕನೇ ಎದ್ದು ಬಂದು ತನ್ನ ಮೇಜುದೀಪವನ್ನು ಗೆರೆ ದಾಟಿಸಿ ನನ್ನ ಕಡೆ ಹಿಡಿದು ನಿಂತಳು. ಕಿಟ್ ಕಳಿಸಿದವರು ಎರಡು ಬೋಲ್ಟು ಹೆಚ್ಚಿಗೆ ಹಾಕಿದ್ದಾರೆ. ನನ್ನಂಥವರು ಇರುತ್ತಾರೆಂದು ಅವರಿಗೆ ಗೊತ್ತು.

ಮಾರ್ಚ್ 21, ಶುಕ್ರವಾರ

ಬಾಯ್ಲರಿನ ಪರೀಕ್ಷೆ. ಒಳಗೆ ಪೂರ್ತಿ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ಓಡುವಾಗ ಇರಬೇಕಾದ್ದಕ್ಕಿಂತ ಎರಡರಷ್ಟಕ್ಕೆ ಏರಿಸಿ, ಹತ್ತು ನಿಮಿಷ ಹಾಗೇ ಬಿಡಬೇಕು. ಗೇಜಿನ ಮುಳ್ಳು ಅಲ್ಲಾಡಬಾರದು.

ಎಂಟನೇ ನಿಮಿಷಕ್ಕೆ ಮುಳ್ಳು ಕೂದಲೆಳೆಯಷ್ಟು ಇಳಿಯಿತು. ನೋಡುವವರು ಯಾರೂ ಇರಲಿಲ್ಲ. ಅಕ್ಕ ಕುಬುಸದ ಅಳತೆಗೆ ಹೋಗಿದ್ದಳು. ಬಿಚ್ಚಿ, ಹೊಸ ವಾಷರ್ ಹಾಕಿ, ಮತ್ತೆ ಪಂಪು ಹೊಡೆದೆ. ಈ ಸಲ ಒಂಬತ್ತೂವರೆ ನಿಮಿಷ. ಮತ್ತೆ ಬಿಚ್ಚಿದೆ. ಮೂರನೇ ಸಲಕ್ಕೆ ಹತ್ತು ದಾಟಿ, ಹನ್ನೆರಡು ದಾಟಿ, ಮುಳ್ಳು ನಿಂತಲ್ಲೇ ನಿಂತಿತ್ತು. ಬೆನ್ನು ಹಿಡಿದುಕೊಂಡಿತ್ತು, ಆದರೂ ಇನ್ನೂ ಐದು ನಿಮಿಷ ನೋಡುತ್ತಾ ಕೂತೆ.

ಆಮೇಲೆ ಸೇಫ್ಟಿ ವಾಲ್ವು ಕೂರಿಸಿದೆ. ಕಡಲೆಕಾಳಿನ ಗಾತ್ರದ ಹಿತ್ತಾಳೆಯ ಟೋಪಿ, ಒಳಗೊಂದು ಸ್ಪ್ರಿಂಗು. ಎರಡೇ ಬೆರಳಿನಿಂದ ತಿರುಗಿಸಿದೆ. ಮೇಜಿನ ಮೇಲೆ ಗೆರೆಯ ಈಚೆ ಅಕ್ಕನ ಸೀಮೆಸುಣ್ಣದಿಂದ ಬರೆದೆ: ಮಾರ್ಚ್ 21, ಸಂಜೆ ನಾಲ್ಕು, ವಾಲ್ವು ಒಂದೂಕಾಲು ಸುತ್ತು, ಮೇಸ್ತ್ರಿ.

ಅಕ್ಕ ಬಂದು ಓದಿದಳು. "ಈ ಮನೇಲಿ ಇದನ್ನ ಮುಟ್ಟೋರು ಇನ್ಯಾರಿದಾರೆ ಅಂತ ಸಹಿ ಹಾಕಿದೀಯ?"

"ಅಭ್ಯಾಸ," ಎಂದೆ. ಸುಳ್ಳು. ಅಭ್ಯಾಸವಿದ್ದಿದ್ದರೆ ಮೀಸೆ ಇವತ್ತು ತನ್ನ ಕೈಯಾರೆ ಚಹಾ ಕುಡಿಯುತ್ತಿದ್ದ.

ಮಾರ್ಚ್ 24, ಸೋಮವಾರ

ಹೇಳಿಕೆಯನ್ನು ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ "ನಟ್ಟು ಬಿಗಿಯಾಗಿರುವುದು ಕಂಡುಬಂದಿದೆ" ಎಂದಿತ್ತು, ತಾನಾಗಿ ಏಣಿ ಹತ್ತಿ ಬಿಗಿಯಾದ ಹಾಗೆ. ಎರಡನೆಯದರಲ್ಲಿ ಕೆಲಸ ಹೆಚ್ಚಿದ್ದರ ಬಗ್ಗೆ ಒಂದು ಪುಟ. ಮೂರನೆಯದರಲ್ಲಿ ಇಸ್ತ್ರಿ ವಿಭಾಗ, ಮ್ಯಾನೇಜರು, ಕೆಟ್ಟ ಸ್ವಿಚ್ಚು, ಎಲ್ಲರನ್ನೂ ಎಳೆದು ತಂದಿದ್ದೆ. ಓದಿದರೆ ಅಯ್ಯೋ ಪಾಪ ಮೇಸ್ತ್ರಿ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಹೇಸಿಗೆಯಾದದ್ದು ಅದೇ.

ನಾಲ್ಕನೆಯದು ಈ ಪುಸ್ತಕದ ಮಾರ್ಚ್ ಒಂಬತ್ತನೇ ತಾರೀಖಿನ ಪುಟದಿಂದ ಇಳಿಸಿಕೊಂಡದ್ದು. ಮಡಚಿ ಅಂಗಿಯ ಜೇಬಿನಲ್ಲಿಟ್ಟಿದ್ದೇನೆ. ಕೊಡುತ್ತೇನೆಂದು ಇನ್ನೂ ಹೇಳಲಾರೆ. ಐವತ್ತಾರು ವರ್ಷದವನಿಗೆ, ವಾಲ್ವು ಬಿಗಿ ಮಾಡಿ ಸಿಕ್ಕಿಬಿದ್ದವನಿಗೆ, ಯಾರು ಬಾಯ್ಲರ್ ಕೊಡುತ್ತಾರೆ. ಹೆದರಿಕೆಯಾಗುತ್ತಿದೆ. ಮೀಸೆಯ ಕೈ ನೋಡಿದ ಮೇಲೂ ನನ್ನ ಕೆಲಸದ ಬಗ್ಗೆ ಹೆದರಿಕೆಯಾಗುತ್ತಿದೆ ಎಂಬುದೇ ಇನ್ನೊಂದು ನಾಚಿಕೆ.

ಮಾರ್ಚ್ 26, ಬುಧವಾರ

ಎಂಜಿನ್ನು ಪೂರ್ತಿಯಾಯಿತು. ಹಸಿರು ಮೈ, ಕೆಂಪು ಚಕ್ರ. "ಚೆನ್ನಾಗಿದೆ ಕಣೋ," ಎಂದಳು ಅಕ್ಕ. ಹನ್ನೆರಡು ವರ್ಷದಲ್ಲಿ ಎರಡನೇ ಸಲ. ನಾಳೆ ಮೀಸೆಯ ಮನೆಗೆ.

ಮಾರ್ಚ್ 27, ಗುರುವಾರ

ಮೀಸೆಯ ಹಿತ್ತಿಲಿನಲ್ಲಿ ಸಿಮೆಂಟು ಹಾಕಿದ ಸಣ್ಣ ಜಾಗವಿದೆ. ಅಲ್ಲಿ ಎಂಜಿನ್ನನ್ನು ಇಳಿಸಿ, ನೀರು ತುಂಬಿ, ಒಲೆಯೊಳಗೆ ಇದ್ದಿಲ ಚೂರು ಹಾಕಿ ಹೊತ್ತಿಸಿದೆ. ಮೀಸೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ಮುಳ್ಳು ಮೇಲೇಳತೊಡಗಿತು.

"ಸ್ವಲ್ಪ ದೂರ ಕೂತ್ಕೋ," ಎಂದೆ.

"ವಾಲ್ವು ಕೂರಿಸಿದ್ದು ಯಾರು?"

"ನಾನು."

"ಹಾಗಾದ್ರೆ ಇಲ್ಲೇ ಕೂತಿರ್ತೀನಿ," ಎಂದು ಕಾಲಿನಿಂದ ತಳ್ಳಿಕೊಂಡು ಕುರ್ಚಿಯನ್ನು ಇನ್ನೂ ಹತ್ತಿರ ತಂದ.

ಆ ಕುರ್ಚಿ ಸಿಮೆಂಟಿನ ಮೇಲೆ ಕಿರುಗುಟ್ಟಿದ್ದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. "ಮೀಸೆ, ಲಾಂಡ್ರೀದೂ ನಾನೇ ಬಿಗಿ ಮಾಡಿದ್ದು. ಒಂಬತ್ತನೇ ತಾರೀಖು, ನೀನು ಊಟಕ್ಕೆ ಹೋಗಿದ್ದಾಗ."

ಅವನು ಗೇಜಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು," ಎಂದ.

ನನ್ನ ಕೈಯಲ್ಲಿದ್ದ ಇದ್ದಿಲ ಇಕ್ಕುಳ ಕೆಳಗೆ ಬಿತ್ತು.

"ಊಟ ಮಾಡಿ ಬಂದು ನೋಡ್ದೆ. ನಟ್ಟು ಇಲ್ಲೇ ಇರ್ಬೇಕು ಅಂತ ಬಳಿದಿದ್ದ ಬಿಳಿ ಗೆರೆ ತಪ್ಪಿತ್ತು. ಬೋರ್ಡ್ ನೋಡ್ದೆ, ಖಾಲಿ. ನಿಮ್ಮ ಸ್ಪ್ಯಾನರ್ ಏಣಿ ಮೇಲ್ಗಡೇನೇ ಇತ್ತು. ಬೇರೆ ಯಾರಾದ್ರೂ ಮಾಡಿದ್ರೆ ಆಗ್ಲೇ ಸಡಿಲ ಮಾಡ್ತಿದ್ದೆ. ಮೇಸ್ತ್ರಿ ಮಾಡಿದಾರೆ, ಏನೋ ಯೋಚನೆ ಮಾಡೇ ಮಾಡಿರ್ತಾರೆ ಅಂತ ಸುಮ್ನಾದೆ."

ನಾನು ಸಿಮೆಂಟಿನ ಮೇಲೆ ಕೂತುಬಿಟ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲಿನ ನಂಬಿಕೆಯೇ ಅವನನ್ನು ಸುಟ್ಟಿತು ಎಂಬುದನ್ನು ತಡೆದುಕೊಳ್ಳುವುದು ಹೇಗೆ ಎಂದು ನನಗೆ ಈಗಲೂ ಗೊತ್ತಾಗುತ್ತಿಲ್ಲ.

"ವಿಚಾರಣೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಮುಟ್ಟಿದವರೇ ಬರೀಬೇಕು, ಬೇರೆಯವರು ಬರಿಯೋ ಹಾಗಿಲ್ಲ ಅಂತ ರೂಲ್ಸ್ ಮಾಡಿದ್ದು ನೀವು." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದ. "ಈ ಪೆಟ್ಟಿಗೆ ಪ್ರೀತಿಗೆ ಕಳ್ಸಿದ್ದು ಅಂದ್ಕೋಬೇಡಿ ಮೇಸ್ತ್ರಿ. ದಿನಾ ಒಂದು ವಾಲ್ವು ಎದುರಿಗೆ ಇಟ್ಕೊಂಡು ಕೂತ್ಕೊಳ್ಳಿ ಅಂತ ಕಳ್ಸಿದ್ದು. ಇನ್ನೂ ಎಷ್ಟು ದಿನ ಕಾಯ್ಬೇಕೋ ಅಂತಿದ್ದೆ."

ಅಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿ, ವಾಲ್ವು ಜುಸ್ಸೆಂದು ತೆರೆದುಕೊಂಡಿತು. ಬೆರಳುದ್ದದ ಬಿಳಿ ಹಬೆ, ಅಷ್ಟೇ. ಮೀಸೆ ಎರಡೂ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡ. ಅಡುಗೆ ಮನೆಯಿಂದ ಅವನ ಹೆಂಡತಿ ಓಡಿ ಬಂದಳು. ನಾನು ಅವನ ಮುಂದೆ ಅಡ್ಡ ನಿಂತಿದ್ದೆ; ಯಾವಾಗ ಎದ್ದೆನೋ ಗೊತ್ತಿಲ್ಲ. ಸ್ವಲ್ಪ ಹಬೆ ಹೋಗಿ ವಾಲ್ವು ತಾನಾಗಿ ಮುಚ್ಚಿಕೊಂಡಿತು.

ಅವನು ಉಸಿರು ಹದಕ್ಕೆ ತಂದುಕೊಂಡು, ಇನ್ನೊಂದು ಸಲ ಆಗಲಿ ಎಂದ. ಎರಡನೇ ಸಲವೂ ಅದೇ ಗೆರೆಗೆ ತೆರೆಯಿತು. ಈ ಸಲ ಅವನು ಕೈ ಎತ್ತಲಿಲ್ಲ.

ಎಂಜಿನ್ನು ಹಿತ್ತಿಲನ್ನು ನಾಲ್ಕು ಸುತ್ತು ಹಾಕಿತು, ಕೊನೆಯ ಸುತ್ತಿನಲ್ಲಿ ಹಿಂದೆ ಒಂದು ಇಟ್ಟಿಗೆ ಕಟ್ಟಿಕೊಂಡು. ಹೊರಡುವಾಗ ಜೇಬಿನ ಕಾಗದ ತೆಗೆದು ಅವನ ಮುಂದೆ ಹಿಡಿದೆ. ಓದಿ, "ಇಷ್ಟೇನಾ?" ಎಂದ. ಇಷ್ಟೇ ಎಂದೆ.

ಮಾರ್ಚ್ 28, ಶುಕ್ರವಾರ

ಮ್ಯಾನೇಜರು ಹೇಳಿಕೆಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟು ನನ್ನ ಕಡೆಗೇ ಸರಿಸಿದರು. "ಇದನ್ನ ತಗೊಂಡ್ರೆ ನಿಮ್ಮ ಕೆಲಸ ಹೋಗುತ್ತೆ. ಮನೆಗೆ ತಗೊಂಡು ಹೋಗಿ. ನಾನು ನೋಡಿಲ್ಲ ಅಂದ್ಕೋತೀನಿ."

ಸರಿ ಸರ್ ಎಂಬುದು ನಾಲಿಗೆ ತುದಿಗೆ ಬಂದಿತ್ತು. "ತಲುಪಿದೆ ಅಂತ ಮುದ್ರೆ ಹಾಕಿ ಒಂದು ಪ್ರತಿ ಕೊಡಿ," ಎಂದೆ. ದನಿ ಗಟ್ಟಿಯಾಗೇನೂ ಇರಲಿಲ್ಲ, ಎರಡು ಸಲ ಹೇಳಬೇಕಾಯಿತು. ಆ ಪ್ರತಿಯನ್ನು ಮೀಸೆಯ ಹೆಂಡತಿಗೆ ಕೊಟ್ಟು ಬಂದೆ. ಅವಳು ಬಾಗಿಲಲ್ಲೇ ನಿಂತು ಓದಿದಳು. ಅಣ್ಣಾ ಎನ್ನಲಿಲ್ಲ. ಒಳಗೆ ಬನ್ನಿ ಎನ್ನಲೂ ಇಲ್ಲ. ನ್ಯಾಯವೇ.

ಅದಕ್ಕೂ ಮುಂಚೆ, ಕಚೇರಿಯಿಂದ ಹೊರಬಂದವನು, ಬಾಯ್ಲರ್ ಮನೆಗೆ ಹೋದೆ. ಮೀಸೆಯ ಜಾಗಕ್ಕೆ ಬಂದ ಹೊಸ ಆಪರೇಟರ್ ಎದ್ದು ನಿಂತ. ಕರಿಹಲಗೆ ಒರೆಸಿಟ್ಟ ಹಾಗೇ ಇತ್ತು. ಸೀಮೆಸುಣ್ಣ ತೆಗೆದುಕೊಂಡು, ಎಲ್ಲರಿಗೂ ಓದಲು ಬರುವಂತೆ ದೊಡ್ಡದಾಗಿ ಬರೆದೆ. ಫೆಬ್ರವರಿ 9, ಮಧ್ಯಾಹ್ನ ಒಂದೂವರೆ, ಸೇಫ್ಟಿ ವಾಲ್ವು ಅರ್ಧ ಸುತ್ತು ಬಿಗಿ, ಮೇಸ್ತ್ರಿ.

"ಸರ್, ಇದು ಹಳೇ ತಾರೀಖಲ್ವಾ?" ಎಂದ ಅವನು.

"ಹೌದು. ಬರಿಯೋಕೆ ತಡ ಆಯ್ತು," ಎಂದೆ.

ಮಾರ್ಚ್ 31, ಸೋಮವಾರ

ಕೆಲಸದಿಂದ ತೆಗೆದಿರುವ ಕಾಗದ ಬಂತು. ಮೀಸೆಯ ಮೊದಲ ಆಪರೇಷನ್ ಮುಂದಿನ ವಾರವಂತೆ, ಕಂಪನಿಯೇ ಮಾಡಿಸುತ್ತದಂತೆ. ಇದನ್ನು ಅವನು ಹೇಳಲಿಲ್ಲ, ಬೇರೆಯವರಿಂದ ಗೊತ್ತಾಯಿತು. ಹೇಳಿಕೆ ಕೊಟ್ಟರೆ ನಾಚಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ, ಹಾಗೇ ಇದೆ. ಈಗ ಊರೆಲ್ಲ ನೋಡುವ ಜಾಗದಲ್ಲಿದೆ, ಅಷ್ಟೇ.

ಮೇಜು ಖಾಲಿಯಾದರೂ ಅಕ್ಕ ಗೆರೆ ಅಳಿಸಿಲ್ಲ. ನನ್ನ ಕಡೆಯ ಅರ್ಧದಲ್ಲಿ ಬಟ್ಟೆ ಇಡುವುದೂ ಇಲ್ಲ. ಬೇರೆ ವಿಶೇಷವೇನಿಲ್ಲ. ಬೆಳಿಗ್ಗೆ ಚಹಾ ಮಾಡುವಾಗ, ನಿನ್ನೆ ನಾನು ಮುಚ್ಚಿಟ್ಟಿದ್ದ ಸಕ್ಕರೆ ಡಬ್ಬಿಯನ್ನು ಅವಳೇ ತೆರೆದಳು. ತೆರೆದ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಮೈ ಹುಷಾರಿಲ್ವೇನೋ?" ಎಂದಳು. ಯಾಕೆ ಹಾಗೆ ಕೇಳಿದಳೋ. ಚೆನ್ನಾಗೇ ಇದ್ದೀನಿ ಎಂದೆ.